ಇದೊಂದು ಬಗಲ ಕುಡಿ ಇರಲಿ

ಪಂಚಶೀಲಾಳ ಟೊಮ್ಯಾಟೊ ಗಿಡದ ತಲೆ ಮುರಿದವನು ಕಪಿಲ. ಅವಳ ಮುಂದೆ ಜಾಣನೆನಿಸಿಕೊಳ್ಳಬೇಕೆಂಬ ಆಸೆ ಅವನಿಂದ ಆ ಕೆಲಸ ಮಾಡಿಸಿತು. ಪ್ರೀತಿಗೆ ಬಿದ್ದವರ ಕೈಗೆ ಬುದ್ಧಿ ಸ್ವಲ್ಪ ಕಡಿಮೆಯೇ.

ಕಪಿಲ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅದೇ ಊರಿನ ಗಾಜಿಪುರ ಓಣಿಯಲ್ಲಿ ಶಾಹಜಾದಿ ಖಾಲಾಳ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಕಮಲಾಪುರದಲ್ಲಿ ಕಣ್ಣಿನ ಕ್ಯಾಂಪ್ ನಡೆಯಿತು. ಅಲ್ಲಿ ರಮಾಬಾಯಿ ಎಂಬ ಹಿರಿಯ ಹೆಂಗಸು ಅವನೆದುರು ಕೂತು, ಬೋರ್ಡಿನ ಅಕ್ಷರ ಓದುವುದು ಬಿಟ್ಟು ಅವನ ಊರು, ಮನೆತನ, ಮದುವೆ ಆಗಿದೆಯೋ ಇಲ್ಲವೋ ಎಲ್ಲವನ್ನೂ ವಿಚಾರಿಸಿದಳು. ಹಿಂದೆ ನಿಂತಿದ್ದ ಮಗಳು ನಗು ತಡೆಯಲಾರದೆ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆ ಕೈಯ ಹೆಬ್ಬೆರಳು, ತೋರುಬೆರಳು ಹಸಿರುಗಪ್ಪಾಗಿದ್ದವು.

“ಇದೇನ್ರೀ ಬಣ್ಣ?” ಕಪಿಲ ಕೇಳಿಯೇಬಿಟ್ಟ.

“ಟೊಮ್ಯಾಟೊ ಗಿಡದ್ದು. ಸಾಬಾಣ ಹಚ್ಚಿದ್ರೂ ಹೋಗಂಗಿಲ್ಲ,” ಎಂದಳು ಪಂಚಶೀಲಾ. “ನೀವು ಅವ್ವನ ಕಣ್ಣು ನೋಡ್ರಿ. ನನ್ನ ಕೈ ಬ್ಯಾಡ.”

ಆಮೇಲೆ ಅವನ ಕಣ್ಣಿಗೆ ಬೇರೇನೂ ಬೀಳಲಿಲ್ಲ. ಕನ್ನಡಕ ಕೊಡಲೆಂದು ಒಂದು ಭಾನುವಾರ ಕಮಲಾಪುರದ ಬಸ್ಸು ಹತ್ತಿದ. ಫ್ರೇಮ್ ಸಡಿಲಾಗಿದೆಯೇನೋ ನೋಡಲು ಇನ್ನೊಂದು ಭಾನುವಾರ ಹೋದ. ಸ್ಕ್ರೂ ಬಿಗಿ ಮಾಡಲು ಮತ್ತೊಂದು. ರಮಾಬಾಯಿಯ ಕನ್ನಡಕಕ್ಕೆ ಸಿಕ್ಕ ಆರೈಕೆ ಆ ಸೀಮೆಯಲ್ಲಿ ಬೇರೆ ಯಾವ ಕನ್ನಡಕಕ್ಕೂ ಸಿಕ್ಕಿರಲಿಕ್ಕಿಲ್ಲ.

ಕೆಂಪು ಬಾಳೆಯ ತೋಟಗಳ ನಡುವೆ ಅವಳದೊಂದು ತುಂಡು ಹೊಲ. ದಾರ ಕಟ್ಟಿ ನೇರವಾಗಿ ನಿಲ್ಲಿಸಿದ ಟೊಮ್ಯಾಟೊ ಗಿಡಗಳ ಸಾಲು. ಇಬ್ಬನಿ ಆರಿದ ಮೇಲೆ ಪಂಚಶೀಲಾ ಸಾಲಿಗಿಳಿಯುತ್ತಿದ್ದಳು. ಎಡಗೈ ಎಲೆ ಸರಿಸುತ್ತಿತ್ತು, ಬಲಗೈ ಕುಡಿಯೊಂದನ್ನು ಹಿಡಿದು ಅತ್ತ ಬಾಗಿಸಿ, ಇತ್ತ ಬಾಗಿಸಿ, ಟಕ್ಕನೆ ಮುರಿಯುತ್ತಿತ್ತು. ನಿಲ್ಲುವುದಿಲ್ಲ, ತಡವರಿಸುವುದಿಲ್ಲ. ಗಿಡಕ್ಕೆ ನೋವಾಗದಂತೆ, ಆದರೆ ಯಾವ ಮುಲಾಜೂ ಇಲ್ಲದೆ ಸಾಗುವ ಆ ಬೆರಳುಗಳನ್ನು ನೋಡುತ್ತ ಕಪಿಲ ಹಿಂದೆ ಹಿಂದೆ ನಡೆಯುತ್ತಿದ್ದ. ಇಷ್ಟು ಚೆಂದವಾಗಿ ಯಾರಾದರೂ ಕೆಲಸ ಮಾಡುವುದನ್ನು ಅವನು ಈವರೆಗೆ ನೋಡಿರಲಿಲ್ಲ.

“ಬರೇ ನೋಡ್ತೀರೋ, ಏನಾರ ಕಲೀತೀರೋ?”

“ಕಲಿಸ್ರಿ.”

“ಇಲ್ನೋಡ್ರಿ. ಇದು ದಂಟು, ಇದು ಎಲಿ. ಎರಡರ ಸಂದ್ಯಾಗ ಹೊಕ್ಕು ಕುಂತದಲ್ಲ, ಇದು ಬಗಲ ಕುಡಿ. ಬಿಟ್ರ ಇದೂ ಒಂದು ಗಿಡದಷ್ಟು ಬೆಳೀತದ. ಹೂವೂ ಬಿಡ್ತದ.”

“ಹಂಗಾದ್ರ ಪಾಪ, ಯಾಕ ತೆಗೀತೀರಿ?”

“ಹತ್ತು ಮಂದಿ ಒಂದ ತಾಟಿನ್ಯಾಗ ಉಂಡ್ರ ಯಾರ ಹೊಟ್ಟಿ ತುಂಬತದ ಹೇಳ್ರಿ? ಇದು ತೆಗದ್ರ ಇದ್ದ ಕಾಯಿ ದಪ್ಪ ಆಗ್ತಾವ. ಗಾಳಿ ಆಡತದ, ರೋಗ ಕಡಿಮಿ.” ಮುರಿದ ಕುಡಿಯನ್ನು ಅವನ ಅಂಗೈಯಲ್ಲಿಟ್ಟಳು. “ಸಣ್ಣದಿದ್ದಾಗ ತೆಗದ್ರ ಗಿಡಕ್ಕ ಗೊತ್ತೂ ಆಗಂಗಿಲ್ಲ. ಬೆಳದ ಮ್ಯಾಲೆ ತೆಗದ್ರ ಗಾಯ.”

“ಬಗಲಿಗೆ ಬಂದದ್ದೆಲ್ಲಾ ಹಿಂಗ ಚಿವುಟಿ ಒಗೀತೀರೇನು?”

ಅವಳು ಕಣ್ಣಂಚಿನಲ್ಲೇ ಅವನನ್ನು ಅಳೆದಳು. “ಭಾನುವಾರಕ್ಕೊಮ್ಮೆ ಬರೂದು ಇನ್ನೂ ಚಿವುಟಿಲ್ಲಲ್ರೀ?”

ಹೀಗೆಂದು ಮುಂದಿನ ಗಿಡಕ್ಕೆ ಹೋಗಿಬಿಟ್ಟಳು. ಕಪಿಲನ ಕಿವಿ ಬಿಸಿಯಾದವು. ಆ ದಿನ ಬಸ್ಸಿನಲ್ಲಿ ಕೂತು ಆ ‘ಇನ್ನೂ’ ಎಂಬ ಮಾತಿಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಊರು ಮುಟ್ಟಿದ.

ಸಾಲಿನ ಕೊನೆಯಲ್ಲಿ ನೀಲಿ ರಿಬ್ಬನ್ ಕಟ್ಟಿದ ಗಿಡವೊಂದಿತ್ತು. ಅದು ತೀರಿಕೊಂಡ ಅವಳ ಅಪ್ಪ ಸೂರ್ಯಕಾಂತನ ಟೊಮ್ಯಾಟೊ. ಕುಂಬಳಕಾಯಿಯಂತೆ ಮೈತುಂಬ ಗೆರೆ, ತುಂಬು ಹುಳಿ. ಅದರ ಸಾರು ಕುದಿಯುವಾಗ ಓಣಿಯವರು ಬಟ್ಟಲು ಹಿಡಿದು ಬರುತ್ತಿದ್ದರಂತೆ. ಸೂರ್ಯಕಾಂತ ಪ್ರತಿವರ್ಷ ಬೀಜವನ್ನು ಬೂದಿಯಲ್ಲಿ ಕಲಸಿ ಪಡಸಾಲೆಯ ಗೋಡೆಗೆ ಮೆತ್ತಿ ಇಡುತ್ತಿದ್ದ. ಅವನು ಹೋದ ಮೇಲೆ ಬಾಬಾಸಾಹೇಬರ ಜಯಂತಿಗೆಂದು ಗೋಡೆ ಕೆರೆದು ಸುಣ್ಣ ಹಚ್ಚುವಾಗ ಯಾರಿಗೂ ಅದು ನೆನಪಾಗಲಿಲ್ಲ. ಬಾಬಾಸಾಹೇಬರ ಫೋಟೊದ ಹಿಂದೆ ಮಾತ್ರ ಸುಣ್ಣ ತಾಗದ ಅಂಗೈಯಗಲ ಜಾಗ ಉಳಿದಿತ್ತು. ಅಲ್ಲಿ ಅಂಟಿಕೊಂಡಿದ್ದ ಬೀಜಗಳನ್ನು ಪಂಚಶೀಲಾ ಉಗುರಿನಿಂದ ಬಿಡಿಸಿ ಬಿತ್ತಿದಳು. ಮೊಳಕೆಯೊಡೆದದ್ದು ಇದೊಂದೇ.

“ಇದೊಂದು ಹಣ್ಣಾದ್ರ ಸಾಕ್ರಿ,” ಎಂದಿದ್ದಳು ಅವಳು. “ಬರೂ ವರ್ಷ ಹೊಲ ತುಂಬಾ ಅಪ್ಪನ ಟೊಮ್ಯಾಟೊ.”

ಆ ಮಾತಾಡುವಾಗ ಅವಳ ಮುಖ ಎಷ್ಟು ಬೆಳಗಿತ್ತೆಂದರೆ, ಅವಳಿಗಾಗಿ ಏನಾದರೂ ಮಾಡಲೇಬೇಕು ಎಂದು ಕಪಿಲನಿಗೆ ಅನಿಸಿತು. ಅನಿಸಿದ್ದೇ ತಪ್ಪಾಯಿತು.

ಮುಂದಿನ ಭಾನುವಾರ ಅವರಿಬ್ಬರೂ ಹೊಲದಲ್ಲಿದ್ದಾಗ ಕರೆಂಟು ಬಂತು. ಮೋಟರು ಹಚ್ಚಿ ಬರುತ್ತೇನೆಂದು ಅವಳು ಬಾವಿಯ ಕಡೆ ಓಡಿದಳು. ಅವಳು ಬರುವುದರೊಳಗೆ ರಿಬ್ಬನ್ನಿನ ಗಿಡದ ಬಗಲ ಕುಡಿ ತೆಗೆದು ಸೈ ಎನ್ನಿಸಿಕೊಳ್ಳೋಣವೆಂದು ಕಪಿಲ ಅದರ ಮುಂದೆ ಕೂತ. ಎಲೆ ಸರಿಸಿ ಹುಡುಕಿದ. ಕೆಳಗೆಲ್ಲೂ ಸಿಗಲಿಲ್ಲ. ಮೇಲೆ ಮೇಲೆ ಹುಡುಕುತ್ತ ಹೋದಾಗ, ಕೊನೆಯ ಎಲೆಯ ಪಕ್ಕದಲ್ಲೇ ಎಳೆಯದೊಂದು ನೆಟ್ಟಗೆ ನಿಂತಿರುವುದು ಕಂಡಿತು. ಅತ್ತ ಬಾಗಿಸಿ, ಇತ್ತ ಬಾಗಿಸಿ, ಟಕ್ಕೆನಿಸಿದ. ಸದ್ದು ಥೇಟ್ ಅವಳು ಮುರಿದಂತೆಯೇ ಬಂತು. ಅವನಿಗೆ ಹೆಮ್ಮೆಯೆನಿಸಿತು.

ಪಂಚಶೀಲಾ ಬಂದವಳು ಅವನ ಕೈ ನೋಡಿದಳು. ಆಮೇಲೆ ಗಿಡ ನೋಡಿದಳು.

“ಅದು ಬಗಲ ಕುಡಿ ಅಲ್ರೀ. ಗಿಡದ ತಲಿ ಮುರದೀರಿ.”

ಕಪಿಲ ಕುಡಿಯನ್ನು ಮುರಿದ ಜಾಗಕ್ಕೇ ಮತ್ತೆ ಹೊಂದಿಸಿ ನೋಡಿದ.

“ಕಣ್ಣಿನ ಅಂಗಡಿಯವರು, ಕಣ್ಣು ಕಲಬುರಗ್ಯಾಗ ಇಟ್ಟು ಬಂದೀರೇನು?” ಎಂದಳು. ಚೇಷ್ಟೆಯಾಗಿ ಶುರುವಾದ ಮಾತು ಕೊನೆಗೆ ಚೇಷ್ಟೆಯಾಗಿ ಉಳಿಯಲಿಲ್ಲ.

“ಬಗಲಿಂದ ಇನ್ನೊಂದು ಬರತದಲ್ರೀ? ಅದನ್ನ ಬೆಳಸಬಹುದಲ್ಲ?”

“ಇದ್ದ ಬಗಲೆಲ್ಲಾ ಮುಂಜಾನಿ ನಾನೇ ತೆಗದೀನಿ. ಹೊಸಾದು ಒಡೆಯೂದು ಯಾವಾಗ, ಹೂ ಬಿಡೂದು ಯಾವಾಗ? ಬಾಜೂ ಹೊಲಕ್ಕ ಆಗಲೇ ಎಲಿ ಮುಟುರು ರೋಗ ಬಂದದ.” ಅವಳು ರಿಬ್ಬನ್ನನ್ನು ಸರಿಪಡಿಸಿದಳು. ಸರಿಪಡಿಸುವಂಥದ್ದು ಅದರಲ್ಲೇನೂ ಇರಲಿಲ್ಲ. “ನೀವು ಇನ್ನ ಬರಬ್ಯಾಡ್ರಿ. ಅವ್ವನ ಕನ್ನಡಕ ಚಲೋ ಅದ.”

ಬಸ್ ಸ್ಟ್ಯಾಂಡಿನಲ್ಲಿ ಮುಷ್ಟಿ ಬಿಚ್ಚಿದಾಗ ಕುಡಿ ಬಾಡಿ ಅಂಗೈಗೆ ಅಂಟಿಕೊಂಡಿತ್ತು. ಒಗೆಯಲು ಮನಸ್ಸಾಗಲಿಲ್ಲ. ಅರ್ಧ ಕುಡಿದ ನೀರಿನ ಬಾಟಲಿಗೆ ಅದನ್ನು ಇಳಿಬಿಟ್ಟು, ಕಲಬುರಗಿಯವರೆಗೂ ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತ. ಪಕ್ಕದವರು ಔಷಧವೇ ಎಂದು ಕೇಳಿದರು. ಹೌದೆಂದ.

ಗಾಜಿಪುರದ ಕೋಣೆಯ ಕಿಟಕಿಯಲ್ಲಿ ಸ್ಟೀಲ್ ಗ್ಲಾಸಿನೊಳಗೆ ನಿಂತ ಕುಡಿಯನ್ನು ಮೊದಲು ನೋಡಿದವಳು ಶಾಹಜಾದಿ ಖಾಲಾ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಹಣೆ ಬಡಿದುಕೊಂಡಳು.

“ಯಾ ಅಲ್ಲಾ! ಮೊಹಬ್ಬತ್ ಮಾಡವ್ರು ಗುಲಾಬಿ ಮುರೀತಾರ. ನೀ ಹೋಗಿ ಟೊಮ್ಯಾಟೊ ಮುರದು ಬಂದೀಯಲ್ಲ ಬೇಟಾ?”

ಬೈದಳೇ ಹೊರತು ದಿನಾ ನೀರು ಬದಲಿಸುವವಳೂ ಅವಳೇ ಆದಳು. ಕುಡಿ ಒಂದೆರಡು ದಿನ ತಲೆ ಬಗ್ಗಿಸಿತ್ತು, ಆಮೇಲೆ ಎತ್ತಿತು. ಒಂದು ಬೆಳಿಗ್ಗೆ ದಂಟಿನ ಬುಡದಲ್ಲಿ ಬಿಳಿಯ ಚುಕ್ಕೆಗಳು ಮೂಡಿದ್ದವು. ಅವು ಎಳೆಯಾಗಿ, ಬೇರಾಗಿ ಇಳಿದಾಗ ಕಪಿಲ ಖುಷಿಯಲ್ಲಿ ಪಂಚಶೀಲಾಳಿಗೆ ಫೋನ್ ಹಚ್ಚಿದ. ಅವಳು ಕಟ್ ಮಾಡಿದಳು.

“ಮತ್ತ ಹಚ್ಚು,” ಎಂದಳು ಖಾಲಾ.

ಅಷ್ಟರಲ್ಲಿ ಅವನಿಗೆ ಅಂಜಿಕೆ ಹುಟ್ಟಿತ್ತು. “ಬ್ಯಾಡ ಖಾಲಾ. ಒಂದ್ಸಲ ಕೊಂದೀನಿ. ಬದುಕ್ಯದಂತ ಹೇಳಿದ ಮ್ಯಾಲೆ ಮತ್ತ ಸತ್ರ ಅಕಿ ಹೆಂಗ ತಡೀತಾಳ? ಹಣ್ಣು ಕಂಡ ಮ್ಯಾಲೆ ಹೇಳ್ತೀನಿ.”

ಹಳೆಯ ಪೇಂಟಿನ ಬಕೆಟ್ಟಿನಲ್ಲಿ ಮಣ್ಣು, ಗೊಬ್ಬರ ತುಂಬಿ, ಮಾಳಿಗೆಯ ಮೇಲೆ ಕುಡಿ ನೆಟ್ಟ. ಬಿಸಿಲಿಗೆ ಹಸಿರು ಪರದೆ ಕಟ್ಟಿದ. ಅಂಗಡಿಗೆ ಹೋಗುವಾಗಲೊಮ್ಮೆ, ಬಂದಾಗಲೊಮ್ಮೆ ಅದರ ಮುಂದೆ ಕೂರುತ್ತಿದ್ದ. ಎಲೆ ಸವರಿದರೆ ಬೆರಳಿಗೆ ಅವಳ ಕೈಯ ವಾಸನೆ ಹತ್ತುತ್ತಿತ್ತು. ಭಾನುವಾರಗಳು ಬಂದು ಹೋಗುತ್ತಿದ್ದವು, ಅವನು ಹೋಗುತ್ತಿರಲಿಲ್ಲ. ಅಷ್ಟು ದೂರವಲ್ಲದ ಕಮಲಾಪುರ ಅವನಿಗೆ ಬೇರೆ ದೇಶವಾಗಿಬಿಟ್ಟಿತ್ತು.

ಬಿಸಿಲು ಏರತೊಡಗಿದ ದಿನಗಳಲ್ಲಿ, ಒಂದು ಮಧ್ಯಾಹ್ನ, ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಪಂಚಶೀಲಾ ಬಂದಳು. ಮಾರ್ಕೆಟ್ಟಿಗೆ ಕ್ರೇಟುಗಳನ್ನು ಹಾಕಿ ಬಂದಿದ್ದಳು. ಹಣೆಯ ಮೇಲೆ ಬೆವರು, ಬೆರಳ ಮೇಲೆ ಅದೇ ಹಸಿರು. ಕಪಿಲ ಎದ್ದು ನಿಂತ, ಏಕೆ ನಿಂತೆನೆಂದು ಗೊತ್ತಾಗದೆ ಮತ್ತೆ ಕೂತ.

“ಅವ್ವನ ಕನ್ನಡಕದ ಕಾಲು ಮುರದದ,” ಎಂದು ಕರವಸ್ತ್ರ ಬಿಚ್ಚಿದಳು.

ಅವನು ತಿರುಗಿಸಿ ನೋಡಿದ. ಕೆಳಗೆ ಬಿದ್ದು ಮುರಿದದ್ದು ಬೇರೆ ತರಹ ಇರುತ್ತದೆ. ಇದನ್ನು ಯಾರೋ ಹಿಡಿದು ತಿರುವಿದ್ದರು.

“ಬಿದ್ದಿತ್ತೇನ್ರೀ?”

“ಹೂಂ. ಬಿದ್ದಿತ್ತು.” ಅವಳು ಗೋಡೆಯ ಮೇಲಿನ ತಂಪು ಕನ್ನಡಕಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

“ಗಿಡ?”

“ಹೋತು. ಬಗಲಾಗ ಒಂದು ಕುಡಿ ಒಡದಿತ್ತು, ಅಷ್ಟರಾಗ ರೋಗ ಬಂತು. ಕಿತ್ತು ಸುಟ್ಟು ಬಿಟ್ಟೆ.” ಅವಳ ಕಣ್ಣು ತುಂಬಿದವು, ಆದರೆ ಮುಖ ತಿರುಗಿಸಲಿಲ್ಲ. “ಈಗ ನಿಮ್ಮ ಮ್ಯಾಲೆ ಸಿಟ್ಟಿಲ್ರೀ. ಅದ ಹೇಳಬೇಕಂತ ಬಂದೆ.”

ಕಪಿಲ ಕೌಂಟರಿನ ಆಚೆಯಿಂದ ಈಚೆ ಬಂದ. “ನನ್ನ ಜೋಡಿ ಗಾಜಿಪುರಕ್ಕ ಒಂದೀಟು ಬರ್ತೀರೇನು? ಯಾಕಂತ ಕೇಳಬ್ಯಾಡ್ರಿ. ಮನ್ಯಾಗ ಖಾಲಾ ಅದಾರ.”

ಅವಳು ಅವನ ಮುಖ ನೋಡಿದಳು. ಏನೂ ಕೇಳದೆ ಹೊರಟಳು.

ಮಾಳಿಗೆಯ ಮೆಟ್ಟಿಲು ಹತ್ತಿ ಹಸಿರು ಪರದೆ ಸರಿಸಿದಾಗ ಅಲ್ಲೊಂದು ಕಾಡೇ ಇತ್ತು. ಬಕೆಟ್ಟು ಕಾಣಿಸುತ್ತಿರಲಿಲ್ಲ. ಎಲ್ಲ ದಿಕ್ಕಿಗೂ ರೆಂಬೆ, ರೆಂಬೆಗೆಲ್ಲ ಹೂವು, ಎಲ್ಲಿ ನೋಡಿದರೂ ಗೋಲಿಯಷ್ಟೇ ಕಾಯಿ. ಅವುಗಳ ನಡುವೆ, ಬುಡದ ಹತ್ತಿರ, ಕೆಂಪೇರುತ್ತಿದ್ದ ಒಂದೇ ಒಂದು ದೊಡ್ಡ ಹಣ್ಣು. ಅದರ ಮೈತುಂಬ ಗೆರೆ.

ಪಂಚಶೀಲಾ ಮೊಣಕಾಲೂರಿ ಕೂತುಬಿಟ್ಟಳು. “ಅಪ್ಪಂದು?”

“ಹೌದ್ರೀ. ಅವತ್ತು ನಾ ಮುರದದ್ದ. ಮುಷ್ಟ್ಯಾಗ ಇತ್ತು. ನೀರಾಗ ಇಟ್ಟೆ. ಹಣ್ಣು ಪೂರಾ ಕೆಂಪಾದ ಮ್ಯಾಲೆ ತಂದು ಕೊಡಬೇಕಂತ ಮಾಡಿದ್ದೆ.”

ಅವಳು ಹಣ್ಣನ್ನು ಕೀಳಲಿಲ್ಲ, ಅಂಗೈಯಲ್ಲಿ ಹಿಡಿದು ಸುಮ್ಮನೆ ಅತ್ತಳು. ಅಳುತ್ತಲೇ ಗಿಡವನ್ನು ಮೇಲಿಂದ ಕೆಳಗೆ ನೋಡಿದಳು. ನಗು ಉಕ್ಕಿಬಂತು.

“ಒಂದು ಬಗಲೂ ತೆಗದಿಲ್ಲೇನ್ರೀ?”

“ಕೈ ಮುಂದ ಹೋಗವಲ್ದು. ಮತ್ತ ತಲಿ ಮುರದ್ರ?”

“ನಾ ಭೀ ಹೇಳ್ದೆ, ಕತ್ತರಿ ತಗೋ ಅಂತ,” ಮೆಟ್ಟಿಲ ಮೇಲೆ ನಿಂತಿದ್ದ ಖಾಲಾ ಹೇಳಿದಳು. “ಇವಂಗ ಗಿಡ ಕಂಡ್ರ ಅದಬ್-ಮರ್ಯಾದಿ, ಮಾಸ್ತರ್ ಕಂಡಂಗ!” ಚಹಾ ಇಡುತ್ತೇನೆಂದು ಅವಳು ಕೆಳಗಿಳಿದಳು. ಚಹಾಕ್ಕೆ ಆ ದಿನ ಬಹಳ ಹೊತ್ತು ಹಿಡಿಯಿತು.

ಪಂಚಶೀಲಾ ದುಪಟ್ಟಾ ಸೊಂಟಕ್ಕೆ ಬಿಗಿದು ಕೆಲಸಕ್ಕೆ ಕೂತಳು. ಟಕ್, ಟಕ್. ಆ ಬೆರಳುಗಳು ಮತ್ತೆ ಕಣ್ಣೆದುರಿಗಿದ್ದವು. ನಡುನಡುವೆ ಅವಳು ತಲೆಯೆತ್ತಿ ಅವನನ್ನು ನೋಡುತ್ತಿದ್ದಳು. ಕಲಬುರಗಿಯ ಬಿಸಿಲಲ್ಲಿ, ಕಲ್ಲಿನ ಮಾಳಿಗೆಯ ಮೇಲೆ, ಏನೂ ತಿಳಿಯದೆ ಬರೀ ಅಂಜಿಕೆಯಿಂದ ಒಂದು ಗಿಡ ಉಳಿಸಿದವನು. ಆ ನೋಟದಲ್ಲಿದ್ದ ಮೆಚ್ಚುಗೆಯನ್ನು ಅವಳು ಮುಚ್ಚಿಡಲಿಲ್ಲ.

ಕಪಿಲನಿಗೆ ಇನ್ನು ತಡೆಯಲಾಗಲಿಲ್ಲ. “ಪಂಚಶೀಲಾ, ನೀವಂದ್ರ ನನಗ ಜೀವ. ಇದು ನಿಮ್ಮ ಬೆಳಿಗೆ ಅಡ್ಡ ಆಗೂದಿದ್ರ ಈಗ ಹೇಳಿಬಿಡ್ರಿ. ಸಣ್ಣದಿದ್ದಾಗ ತೆಗದ್ರ…”

“ಸಣ್ಣದ?” ಅವಳು ಕೈ ನಿಲ್ಲಿಸಿದಳು. “ಟೈಮ್ ಮೀರ್ಯದ್ರಿ. ಈಗ ತೆಗದ್ರ ನನಗೂ ಗಾಯ.” ಮತ್ತೊಂದು ಕುಡಿ ಮುರಿಯುತ್ತ ಮೆಲ್ಲಗೆ ಅಂದಳು, “ಅವ್ವನ ಕನ್ನಡಕ ನಾನೇ ಮುರದೀನಿ.”

“ಗೊತ್ತದ.”

“ಹೆಂಗ?”

“ಈ ಸಲ ಕಣ್ಣು ಮನ್ಯಾಗ ಇಟ್ಟು ಹೋಗಿದ್ದಿಲ್ಲ.”

ಅವಳು ನಗುತ್ತ ಅವನ ತೋಳಿಗೊಂದು ಏಟು ಕೊಟ್ಟಳು. ಹಸಿರು ಬೆರಳ ಗುರುತು ಅಂಗಿಯ ಮೇಲೆ ಉಳಿಯಿತು. ಸಾಬೂನು ಹಚ್ಚಿದರೂ ಅದು ಹೋಗುವುದಿಲ್ಲವೆಂದು ನೆನೆದು ಅವನಿಗೆ ಸಮಾಧಾನವಾಯಿತು.

ಗಿಡದಲ್ಲಿ ಕೊನೆಗೆ ಒಂದು ಬಗಲ ಕುಡಿ ಉಳಿದಿತ್ತು. ಮೊದಲ ಹೂಗೊಂಚಲಿನ ಕೆಳಗೆ, ದಪ್ಪನಾಗಿ, ದಂಟಿಗೆ ಸರಿಸಮನಾಗಿ ಬೆಳೆದಿತ್ತು. ಈಗಲಾದರೂ ಧೈರ್ಯ ತೋರಿಸೋಣವೆಂದು ಕಪಿಲ ಅದಕ್ಕೆ ಕೈ ಹಾಕಿದ. ಪಂಚಶೀಲಾ ಆ ಕೈ ಹಿಡಿದುಕೊಂಡಳು.

“ಇದೊಂದು ಇರ್ಲಿ.”

“ಊಟ ಹಂಚಿಹೋಗಂಗಿಲ್ಲೇನು?”

“ಗಿಡ ಗಟ್ಟಿ ಇದ್ರ ಎರಡು ದಂಟು ಬೆಳಸ್ತಾರ್ರೀ. ನೀರು, ಗೊಬ್ಬರ ಜಾಸ್ತಿ ಬೇಕು. ಎರಡಕ್ಕೂ ಬ್ಯಾರೆ ಬ್ಯಾರೆ ದಾರ ಕಟ್ಟಬೇಕು.”

“ಅಷ್ಟೆಲ್ಲಾ ಯಾರು ನೋಡ್ಕೋತಾರ?”

ಅವಳು ಪರ್ಸಿನಿಂದ ನೀಲಿ ರಿಬ್ಬನ್ ತೆಗೆದಳು. ಸತ್ತ ಗಿಡದಿಂದ ಬಿಚ್ಚಿ ಇಟ್ಟುಕೊಂಡದ್ದು. ಅದರ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಆ ಕುಡಿಯನ್ನು ಕೋಲಿಗೆ ಸಡಿಲವಾಗಿ ಕಟ್ಟಿಸಿದಳು.

“ಇಬ್ಬರೂ,” ಎಂದಳು.

ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ತಿರುಗಿದಳು. “ಭಾನುವಾರ ಅವ್ವನ ಕನ್ನಡಕ ತಗೊಂಡು ಬರ್ರಿ. ಅದರ ಮುಂದಿನ ಭಾನುವಾರ ಸುಮ್ನ ಬರ್ರಿ.”