ಬಿಚ್ಚಿಟ್ಟ ಕಾರು

ಮೊದಲು ಎಂಜಿನ್ನಿನ ಸದ್ದು ಕೇಳಿಸಿತು. ಅನಂತರ ಅತ್ತೆಯ ನಗು. ಕೊನೆಗೆ ಅಳಿಯನ ಕೈಯಿಂದ ಪ್ರಯಾಣದ ಚೀಲ ಜಾರಿ ಅಂಗಳಕ್ಕೆ ಬಿತ್ತು. ಆ ಭಾನುವಾರ ಬೆಳಿಗ್ಗೆ ಎಲ್ಲವೂ ನಡೆದದ್ದು ಇದೇ ಕ್ರಮದಲ್ಲಿ.

ಅವನು ಅಂಗಡಿಗೆ ಔಷಧಿ ಖರೀದಿಸಲು ಬೇರೆ ಊರಿಗೆ ಹೋಗಿದ್ದಾಗ, ಹೆಂಡತಿ ಮೆಕ್ಯಾನಿಕ್ಕನನ್ನು ಕರೆಸಿ, ಶೆಡ್ಡಿನಲ್ಲಿ ವರ್ಷಗಳಿಂದ ಬಿಚ್ಚಿಟ್ಟಿದ್ದ ಹಳೆಯ ಕಾರಿನ ಜೋಡಣೆ ಮಾಡಿಸಿದ್ದಳು. ಮದುವೆಯ ವಾರ್ಷಿಕೋತ್ಸವದ ಉಡುಗೊರೆ! ಮಾವ ತೀರಿಕೊಂಡಂದಿನಿಂದ ಈ ಮನೆ ಅಳಿಯನ ಹಗಲೆಲ್ಲ ಅತ್ತೆಯ ಔಷಧಿ ಅಂಗಡಿಯಲ್ಲಿ, ಅವರ ಕಣ್ಣೆದುರಿಗೇ ಕಳೆಯುತ್ತಿತ್ತು. ಸಂಜೆ ಒಂದಷ್ಟು ಹೊತ್ತು ಮಾತ್ರ ಕಾರಿನ ಕೆಳಗೆ ಮಲಗಿ, ಸ್ಪಾನರ್ ಹಿಡಿದು, ಯಾರಿಗೂ ಉತ್ತರ ಕೊಡದೆ ಉಸಿರಾಡುತ್ತಿದ್ದ.

ಮೆಕ್ಯಾನಿಕ್ ಎಂಜಿನ್ ಆರಿಸಿ ಹೊರಟ.

“ಅಂತೂ ನಮ್ಮ ಅಳಿಯಂದ್ರ ತಪಸ್ಸು ಫಲಿಸ್ತಪ್ಪ!” ಅತ್ತೆ ಎಂದರು. “ಇನ್ನು ಗ್ರೀಸ್ ಬಳ್ಕೊಂಡು ಕೂರೋ ಕೆಲಸ ಇಲ್ಲ. ಸಂಜೆನೂ ಅಂಗಡೀಲೇ ಇರಬಹುದು. ನಾಳೆಯಿಂದ ಈ ಶೆಡ್ಡು ಗೋಡೌನು. ನನ್ನ ಓಡಾಟಕ್ಕೆ ಕಾರೂ ಆಯ್ತು, ಡ್ರೈವರೂ ಆಯ್ತು!”

“ಆಗಲಿ ಅತ್ತೆ,” ಎಂದ ಅವನು. ಅಷ್ಟೇ.

ಅವರು ಒಳಗೆ ಹೋದ ಮೇಲೆ ಹೆಂಡತಿ ಅವನ ತೋಳು ಹಿಡಿದಳು. “ರೀ, ಖುಷಿ ಆಗ್ಲಿಲ್ವಾ? ಎಷ್ಟು ವರ್ಷದಿಂದ ಒದ್ದಾಡ್ತಿದ್ರಿ…”

“ಅದು ಕೆಟ್ಟಿರಲಿಲ್ಲ ಕಣೇ.” ಅವನು ಬಾನೆಟ್ ಮೇಲೆ ಕೈಯಿಟ್ಟ. “ಎಷ್ಟೋ ಸಲ ಪೂರ್ತಿ ಜೋಡಿಸಿದ್ದೆ. ಸ್ಟಾರ್ಟ್ ಮಾಡೋ ಹೊತ್ತಿಗೆ ಭಯ ಆಗೋದು… ಕೆಲಸ ಮುಗೀತು ಅಂದ್ರೆ ಸಂಜೆ ನಾನು ಎಲ್ಲಿಗೆ ಹೋಗ್ಲಿ? ಅದಕ್ಕೇ ಮತ್ತೆ ಬಿಚ್ತಿದ್ದೆ.”

ಅಯ್ಯೋ! ಗಂಡನಿಗೆ ಗಾಳಿಯಾಡುತ್ತಿದ್ದ ಒಂದೇ ಕಿಂಡಿಯನ್ನು ತಾನೇ, ಪ್ರೀತಿಯಿಂದಲೇ, ಮುಚ್ಚಿಬಿಟ್ಟಿದ್ದಳು!

“ಹೊರಟುಬಿಡೋಣ ರೀ. ಇದೇ ಕಾರಲ್ಲಿ, ಈಗ್ಲೇ.”

“ಅತ್ತೇನ ನೋಡ್ಕೋತೀನಿ ಅಂತ ಮಾವನಿಗೆ ಮಾತು ಕೊಟ್ಟಿದ್ದೀನಿ. ನಮ್ಮನ್ನ ಬಿಟ್ರೆ ಅವರಿಗೆ ಯಾರಿದ್ದಾರೆ? ಚುಚ್ತಾರೆ, ನಿಜ… ಬಿಟ್ಟುಹೋಗೋದು ನನ್ನ ಕೈಲಾಗಲ್ಲ.”

ತಾಯಿಗೆ ಎಂದೂ ಸುಳ್ಳು ಹೇಳಿ ಗೊತ್ತಿಲ್ಲದ ಆ ಮಗಳು ಕಣ್ಣೊರೆಸಿಕೊಂಡು ಬಾನೆಟ್ ಎತ್ತಿದಳು. “ಯಾವುದನ್ನ ತೆಗೆದ್ರೆ ಇದು ಓಡಲ್ಲ? ತೋರ್ಸಿ.”

ಅವನು ಅವಳನ್ನೇ ದಿಟ್ಟಿಸಿದ. ಆಮೇಲೆ ಒಂದು ಮುಚ್ಚಳ ಬಿಚ್ಚಿ, ಅದರೊಳಗಿನ ಹೆಬ್ಬೆರಳ ಗಾತ್ರದ ರೋಟರ್ ತೋರಿಸಿದ. ಅದಿಲ್ಲದಿದ್ದರೆ ಎಂಜಿನ್ನಿಗೆ ಕಿಡಿ ತಲುಪದು. ಅವಳು ಅದನ್ನು ಎಳೆದು ತೆಗೆದು ಮುಷ್ಟಿಯಲ್ಲಿ ಅಡಗಿಸಿಕೊಂಡಳು. ಅವನು ಮುಚ್ಚಳವನ್ನು ಮೊದಲಿನಂತೆ ಕೂರಿಸಿ ಬಾನೆಟ್ ಇಳಿಸಿದ.

ಅತ್ತೆ ಕೈಚೀಲ ಹಿಡಿದು ಬಂದರು. “ನಡೀರಿ, ಒಂದು ಸುತ್ತು ಹಾಕಿ ಬರೋಣ.”

“ಮತ್ತೆ ಕೆಟ್ಟಿದೆಯಮ್ಮ. ಹಳೇ ಗಾಡಿ ನೋಡು… ಇವರೇ ಸಂಜೆ ಕೂತು ಮಾಡ್ಬೇಕು. ತುಂಬಾ ದಿನ ಹಿಡಿಯುತ್ತೆ.”

“ಈಗ ತಾನೇ ಗುಡುಗ್ತಿತ್ತಲ್ಲೇ! ನನ್ನ ಕಿವಿಗೇನು ಹತ್ತಿ ತುರುಕಿದ್ಯಾ? ಕೊಡಿಲ್ಲಿ ಕೀಲಿ.”

ಅತ್ತೆ ತಾವೇ ಕೂತು ಕೀಲಿ ತಿರುಗಿಸಿದರು. ಮಗಳ ಮುಖ ನೋಡಿದರು, ಮತ್ತೊಮ್ಮೆ ತಿರುಗಿಸಿದರು.

ಕಾರು ಸ್ಟಾರ್ಟ್ ಆಗಲಿಲ್ಲ.