ಐದನೇ ಗುಂಡಿಯ ಕ್ರೋಮಿಯಂ

ಮಣ್ಣಿನಲ್ಲಿದ್ದ ವಿಷ ಎಂಟೇ ದಿನದಲ್ಲಿ ಮಂಗಮಾಯ!

ಮಣ್ಣು ಪರೀಕ್ಷಕಿ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ಕಣ್ಣುಜ್ಜಿಕೊಂಡಳು. ಹಳೆಯ ಚರ್ಮದ ಕಾರ್ಖಾನೆಯ ಅಂಗಳ, ಮಣ್ಣಿನ ಮಾದರಿಗೆಂದು ತೋಡಿದ ಐದನೇ ಗುಂಡಿ. ಮೊದಲ ಸಲ ಇದೊಂದರಲ್ಲೇ ಕ್ರೋಮಿಯಂ ಎಂಬ ವಿಷಲೋಹ ಮಾರ್ಗಸೂಚಿ ಮಿತಿಯ ಆರು ಪಟ್ಟು ಇತ್ತು. ಮರುಪರೀಕ್ಷೆಯಲ್ಲಿ ಮಿತಿಯ ಕಾಲು ಭಾಗವೂ ಇಲ್ಲ! ಅಲ್ಲಿ ಶಿಶುವಿಹಾರದ ಆಟದ ಬಯಲು ಸಿದ್ಧವಾಗಿತ್ತು. ಸಂಜೆಯೊಳಗೆ ಇವಳು ಸಹಿ ಹಾಕಿದರೆ ನಾಳೆಯಿಂದ ಮಕ್ಕಳು ಆ ಮಣ್ಣಿನಲ್ಲೇ ಆಡುತ್ತವೆ.

"ಮೊದಲನೇದೇ ತಪ್ಪಿರ್ಬೇಕು ಬಿಡಮ್ಮ," ಎಂದ ಮೇಲಧಿಕಾರಿ. "ಸಹಿ ಹಾಕಿ ಕೈತೊಳ್ಕೋ."

ಕೈ ತೊಳೆದುಕೊಳ್ಳುವುದಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಕಾರ್ಖಾನೆಗೇ ಹೊರಟಳು.

ಅನುಮಾನ ಮೂವರ ಮೇಲೆ— ಬಯಲು ಕಟ್ಟಿದ ಹಣ ಬರಲಿಲ್ಲವೆಂದು ಕುದಿಯುತ್ತಿದ್ದ ಮೇಸ್ತ್ರಿ, ಮಣ್ಣು ತುಂಬಿದ ಬಾಟಲಿ ಸಾಗಿಸಿದ ಡ್ರೈವರ್, ಗುಂಡಿ ತೋಡಿದ ಮುದುಕ ಕಾವಲುಗಾರ.

"ಮೇಸ್ತ್ರಿಗಳೇ, ಎರಡನೇ ಸಲ ಮಣ್ಣು ತೆಗೆದ ದಿನ ಮಳೆ ಜೋರಾದಾಗ ಎಲ್ಲಿದ್ರಿ?"

"ಚೆನ್ನಾಗಿ ಕೇಳಿದ್ರಿ! ನಿಮ್ಮೆದುರಿಗೇ ಕೂತು ಚಹಾ ಕುಡೀತಿರ್ಲಿಲ್ವಾ?"

ನಿಜ. ಅರ್ಧ ಗಂಟೆ ಆಸಾಮಿ ಅಲುಗಾಡಿರಲಿಲ್ಲ.

"ಡ್ರೈವರಣ್ಣ, ದಾರೀಲಿ ಬಾಟಲಿ ತೆಗೆದ್ರಾ?"

"ಅಯ್ಯೋ, ನೀವೇ ಸೀಲ್ ಒತ್ತಿ ಕೊಟ್ರಲ್ಲ ಮೇಡಂ! ಒಡೆದಿತ್ತಾ?"

ಒಡೆದಿರಲಿಲ್ಲ. ಹಾಗಾದರೆ ಮಣ್ಣು ತುಂಬಿದ ಮೇಲೆ, ಸೀಲ್ ಒತ್ತುವ ಮೊದಲು, ಮಳೆ ನಿಲ್ಲುವವರೆಗೆ ಬಾಟಲಿಗಳು ಇದ್ದದ್ದೆಲ್ಲಿ?— ಕಾವಲುಗಾರನ ಶೆಡ್ಡಿನಲ್ಲಿ!

"ಅಜ್ಜಾ," ಅವಳು ಶೆಡ್ಡಿಗೆ ಹೋಗಿ ವರದಿ ಬಿಡಿಸಿದಳು, "ಎಲ್ರೂ ಕ್ರೋಮಿಯಂ ಅಂಕಿ ನೋಡಿದ್ರು. ನಾನೂ ಅಷ್ಟೇ. ಪಕ್ಕದಲ್ಲಿ ತೇವಾಂಶ ಅಂತ ಒಂದು ಕಾಲಂ ಇದೆ, ಅದನ್ನ ಯಾರೂ ಮೂಸಿ ನೋಡಲ್ಲ. ಉಳಿದ ನಾಲ್ಕು ಗುಂಡಿ ಮಣ್ಣಲ್ಲಿ ನೂರಕ್ಕೆ ಇಪ್ಪತ್ತು ಪಾಲು ನೀರು. ಐದನೇದ್ರಲ್ಲಿ ಎರಡೇ ಪಾಲು! ಅಂಥಾ ಮಳೇಲಿ ತೋಡಿದ ಮಣ್ಣು ಒಣಗಿದ್ದು ಹೇಗೆ? ಅಗೋ, ಆ ಮೂಲೇಲಿರೋ ಮೂಟೇಲಿರೋದು ಹೂಕುಂಡದ ಮಣ್ಣು ತಾನೆ? ಬದಲಾಯಿಸಿದ್ದು ನೀವೇ."

ಮುದುಕ ಆ ಮೂಟೆಯ ಮೇಲೇ ಕೂತ.

"ಯಾರು ಹೇಳಿ ಮಾಡ್ಸಿದ್ರು?"

"ಯಾರೂ ಇಲ್ಲ ತಾಯಿ. ಕಾರ್ಖಾನೆ ಮುಚ್ಚಿದಾಗ ಇಲ್ಲೀ ಮಣ್ಣನ್ನೇ ಹೊತ್ಕೊಂಡು ಹೋಗಿ ನಮ್ಮನೆ ಅಂಗಳ ಎತ್ತರಿಸ್ದೆ. ಮೊಮ್ಮಗಳು ಅಂಬೆಗಾಲಿಟ್ಟಿದ್ದೂ ಅದ್ರ ಮೇಲೇನೇ. ಇಲ್ಲಿ ವಿಷ ಅಂದ್ರೆ ಅಲ್ಲೂ ವಿಷಾನೇ ಅಲ್ವಾ? ಕಾಗದದಲ್ಲಾದ್ರೂ ಇಲ್ಲ ಅಂತ ಬರ್ಲಿ ಅಂತ—"

ಬಯ್ಯಬೇಕೆಂದು ಬಂದವಳು ಎರಡನೇ ವರದಿಯ ಮೇಲೆ ಅಡ್ಡಗೆರೆ ಎಳೆದು, ಬಯಲಿನ ಗೇಟಿಗೆ ಬೀಗ ಹಾಕಲು ಮೇಸ್ತ್ರಿಗೆ ಹೇಳಿದಳು. ಆಮೇಲೆ ಚೀಲದಿಂದ ಖಾಲಿ ಬಾಟಲಿಯೊಂದನ್ನು ತೆಗೆದಳು.

"ಏಳಿ ಅಜ್ಜಾ. ನಿಮ್ಮ ಮನೆ ತೋರ್ಸಿ."

"ಮಗು ಅಂಗಳದಲ್ಲೇ ಆಡ್ತಿರ್ತದಮ್ಮ..."

"ಮೊದ್ಲು ಅದನ್ನ ಒಳಗೆ ಎತ್ಕೊಳ್ಳಿ. ಗುಂಡಿ ನಾನೇ ತೋಡ್ತೀನಿ."