ಚಾರ್ಟಿನಿಂದ ಕಾಣೆಯಾದ ಸಾಲು

ಫೆಬ್ರವರಿ 12, 2013, ಮಂಗಳವಾರ, ಬೆಳಿಗ್ಗೆ 9.20ಕ್ಕೆ ಅಮೆರಿಕದ ಡರ್ಹಮ್ ಪೊಲೀಸ್ ಠಾಣೆಗೆ ಒಂದು ದೂರು ಬಂತು. ತಂದವರು ಮನೆಗೆ ಕನ್ನ ಹಾಕಿಸಿಕೊಂಡವರಲ್ಲ, ಕಾರು ಕಳೆದುಕೊಂಡವರೂ ಅಲ್ಲ. ಲಿಂಡಾ ಹಾರ್ಗ್ರೋವ್ ಎಂಬ ವಕೀಲೆ, ಅಪಘಾತದ ಕೇಸುಗಳಲ್ಲಿ ಇನ್ಶೂರೆನ್ಸ್ ಕಂಪನಿಗಳ ಪರ ವಾದಿಸುವುದರಲ್ಲಿ ದೊಡ್ಡ ಹೆಸರು. ಕೋಟನ್ನೂ ಬಿಚ್ಚದೆ ಡಿಟೆಕ್ಟಿವ್ ನಮ್ರತಾಳ ಮೇಜಿನ ಮೇಲೆ ಎರಡು ಹಾಳೆ ಇಟ್ಟು, ಎರಡಕ್ಕೂ ಏನು ವ್ಯತ್ಯಾಸ ನೋಡಿ ಎಂದಳು.

ಎರಡೂ ಒಂದೇ ಆಸ್ಪತ್ರೆಯ ಒಂದೇ ಚಾರ್ಟಿನ ಪ್ರತಿಗಳು. ರೋಗಿಯ ಹೆಸರು ಗೌರಾಬಾಯಿ, ವಯಸ್ಸು 71. ಅಕ್ಟೋಬರಿನಲ್ಲಿ ತರಿಸಿದ ಪ್ರತಿಯಲ್ಲಿ ಹದಿನಾಲ್ಕು ಸಾಲು, ಜನವರಿ 28ರಂದು ತರಿಸಿದ ಪ್ರತಿಯಲ್ಲಿ ಹದಿಮೂರು. ಕಾಣೆಯಾದ ಸಾಲು ಇಷ್ಟೇ: "ಅಪಘಾತ ತನ್ನದೇ ತಪ್ಪಿನಿಂದ ಆಯಿತೆಂದು ರೋಗಿ ಹೇಳುತ್ತಾರೆ."

ಒಂದು ಸಾಲಿಗೆ ಇಷ್ಟು ರಂಪವೇ ಎಂದು ಬೇರೆ ರಾಜ್ಯದವರು ಕೇಳಬಹುದು. ನಾರ್ತ್ ಕ್ಯಾರೊಲಿನಾದವರು ಕೇಳುವುದಿಲ್ಲ. ಇಲ್ಲಿಯ ಕಾನೂನಿನಲ್ಲಿ ಪೆಟ್ಟು ತಿಂದವರ ತಪ್ಪು ನೂರಕ್ಕೆ ಒಂದು ಪಾಲು ಇದ್ದರೂ ಸಾಕು, ಅವರಿಗೆ ಕವಡೆ ಕಾಸಿನ ಪರಿಹಾರವೂ ಸಿಗುವುದಿಲ್ಲ. ಆದ್ದರಿಂದಲೇ ಎರಡೂ ಕಡೆಯ ವಕೀಲರು ಚಾರ್ಟನ್ನು ಎರಡೆರಡು ಸಲ ತರಿಸುತ್ತಾರೆ, ಕೇಸು ಕೈಗೆ ಬಂದಾಗ ಒಮ್ಮೆ, ಕೋರ್ಟಿಗೆ ಹೋಗುವ ಮುಂಚೆ ಇನ್ನೊಮ್ಮೆ.

ಊರಿನಲ್ಲಾದರೆ ಎಫ್‌ಐಆರ್ ಅನ್ನುವ ಕಾಗದಕ್ಕೆ ಇಲ್ಲಿ ಇನ್ಸಿಡೆಂಟ್ ರಿಪೋರ್ಟ್ ಎಂದು ಹೆಸರು. ಪಂಚನಾಮೆಗೆ ಪಂಚರು ಬೇಡ, ಪಕ್ಕದಲ್ಲಿ ನಿಂತು ಫೋಟೊ ತೆಗೆಯುವ ಒಬ್ಬ ಆಫೀಸರ್ ಸಾಕು. ನಮ್ರತಾ 9.55ಕ್ಕೆ ರಿಪೋರ್ಟು ಬರೆದಳು. ಡರ್ಹಮ್‌ನಲ್ಲೇ ಹುಟ್ಟಿ ಬೆಳೆದವಳು, ತಂದೆ ವಿಜಯಪುರದ ಕಡೆಯ ಎಂಜಿನಿಯರ್. ಚಾರ್ಟಿನ ಕೆಳಗಿದ್ದ ಸಹಿ ನೋಡಿದಾಗ ಅವಳ ಪೆನ್ನು ಒಂದು ಗಳಿಗೆ ನಿಂತಿತು. ಡಾ. ಶಿವಶರಣಪ್ಪ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಬಿದ್ದು ಒಡೆದುಕೊಂಡ ಗಲ್ಲಕ್ಕೆ ಮೂರು ಹೊಲಿಗೆ ಹಾಕಿದ ಅಂಕಲ್. ಯಾರೋ ಅವರ ಬರಹವನ್ನು ತಿದ್ದಿದ್ದಾರೆ, ಪಾಪ, ಅವರಿಗೆ ಗೊತ್ತೂ ಇರಲಿಕ್ಕಿಲ್ಲ ಎಂದುಕೊಂಡಳು.

ಸಾಲು ಹೋದರೆ ಲಾಭ ಯಾರಿಗೆ? ಗೌರಾಬಾಯಿಯ ವಕೀಲನಿಗೆ. ಅವನ ಹೆಸರು ಮಯೂರ್. ಐ-40 ಹೆದ್ದಾರಿಯಲ್ಲಿ ಮೂರು ಕಡೆ ಜಾಹೀರಾತು ಬೋರ್ಡುಗಳಲ್ಲಿ ಅವನ ಮುಖ ಬಸ್ಸಿಗಿಂತ ದೊಡ್ಡದಾಗಿ ನಗುತ್ತ ನಿಂತಿರುತ್ತದೆ. ಸಂಘದ ಆಂಟಿಯರು ಜಾರುವ ಜಾಗದಲ್ಲಿ ಮಕ್ಕಳಿಗೆ ಹುಷಾರು ಅನ್ನುವ ಬದಲು ಮಯೂರ್ ನಂಬರ್ ಇದೆಯಾ ಎಂದು ಕೇಳಿ ನಗುತ್ತಾರೆ. ಫೋಟೊ ತೆಗೆಯಲು ಜೊತೆಗೆ ಬಂದ ಆಫೀಸರ್ ಪ್ರುಯಿಟ್, ಮಯೂರನ ಆಫೀಸಿರುವ ರಾಲಿಗೆ ಹೋಗುವ ದಾರಿಯುದ್ದಕ್ಕೂ ಆ ಬೋರ್ಡುಗಳನ್ನು ಎಣಿಸಿ, ಇವನೇ ನಮ್ಮ ಆಸಾಮಿ ಎಂದು ತೀರ್ಮಾನಿಸಿಬಿಟ್ಟ. ಹಾಗೇ ಆಗಿದ್ದರೆ ಚೆನ್ನಾಗಿತ್ತು ಎಂದು ತನಗೂ ಅನ್ನಿಸಿತ್ತು ಅಂತ ನಮ್ರತಾ ಆಮೇಲೆ ಒಪ್ಪಿಕೊಂಡಳು.

ಮಯೂರನ ಆಫೀಸಿನಲ್ಲಿ ನಾಲ್ಕು ಜನ ವಕೀಲರು, ಬರೀ ಚಾರ್ಟು ಓದಲಿಕ್ಕೆಂದೇ ಇಬ್ಬರು ನರ್ಸುಗಳು. ಮಧ್ಯಾಹ್ನ 2.10ಕ್ಕೆ, ನಮ್ರತಾ ಕೇಳುವ ಮೊದಲೇ ಅವನು ತನ್ನ ಅಕ್ಟೋಬರ್ ಪ್ರತಿ ತೆಗೆದುಕೊಟ್ಟ. ಆ ಸಾಲಿನ ಮೇಲೆ ಹಳದಿ ಬಣ್ಣ ಬಳಿದಿತ್ತು.

"ಇದನ್ನ ಯಾವಾಗ ನೋಡಿದ್ದು?"

"ಫಸ್ಟ್ ಡೇ."

"ಇದು ನಿನ್ನ ಕೇಸ್ ಕಿಲ್ ಮಾಡತ್ತೆ ಅಲ್ವಾ?"

"ಒಂದೇ ಇದ್ರೆ, ಹೌದು." ಮಯೂರ್ ಕುರ್ಚಿ ಹತ್ತಿರ ಎಳೆದುಕೊಂಡ. "ಬಟ್ ಅದನ್ನ ಬರೆದೋರು ಶಿವಶರಣಪ್ಪ ಅಂಕಲ್. ಆ ರೂಮಲ್ಲಿ ಕನ್ನಡ ಬರ್ತಿದ್ದೋರು ಅವರೊಬ್ಬರೇ. ಆ ಅಜ್ಜಿ ಯಾರಿಗೆ ಹೇಳಿದ್ರು, ಯಾಕೆ ಹೇಳಿದ್ರು ಅಂತ ಅವರು ಜ್ಯೂರಿಗೆ ಎಕ್ಸ್‌ಪ್ಲೇನ್ ಮಾಡಿದ್ರೆ ನಾವು ಗೆಲ್ತೀವಿ. ನನ್ನ ಹೋಲ್ ಕೇಸ್ ಅವರ ಮೇಲಿದೆ. ನಾನ್ಯಾಕೆ ಅದನ್ನ ಅಳಿಸಲಿ?"

ಅದನ್ನು ಅಂಕಲ್‌ಗೆ ಹೇಳಿದ್ದೀಯಾ ಎಂದು ಅವಳು ಕೇಳಿದಳು. ಇಲ್ಲ ಎಂದ. ಮುಂಚೆಯೇ ಫೋನ್ ಮಾಡಿದರೆ ಕನ್ನಡದವರೆಲ್ಲ ಸೇರಿ ಸಾಕ್ಷಿಗೆ ಪಾಠ ಹೇಳಿಕೊಟ್ಟರು ಎಂದು ಹಾರ್ಗ್ರೋವ್ ಕೂಗಾಡುತ್ತಾಳೆ ಎಂಬುದು ಅವನ ಲೆಕ್ಕ. ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವುದಕ್ಕೆ ಕಳಿಸುವ ನೋಟಿಸನ್ನು ನಿನ್ನೆ ತಾನೇ ಬರೆಸಿದ್ದ. ಡಾಕ್ಟರ ಹೆಸರು, ಫೆಬ್ರವರಿ 11ರ ತಾರೀಕು ಹೊತ್ತು ಅದು ಅವನ ಮೇಜಿನ ಮೇಲೆ ಸಹಿಗೆ ಕಾದಿತ್ತು. ಪ್ರುಯಿಟ್ ಅದರದ್ದೂ ಒಂದು ಫೋಟೊ ತೆಗೆದ.

ಮರುದಿನ, ಬುಧವಾರ, 10.30ಕ್ಕೆ ಆಸ್ಪತ್ರೆಯ ದಾಖಲೆ ವಿಭಾಗ. ಕಂಪ್ಯೂಟರಿನಲ್ಲಿ ಯಾರು ಯಾವ ಚಾರ್ಟನ್ನು ಎಷ್ಟು ಹೊತ್ತಿಗೆ ತೆರೆದರು, ಏನು ಸೇರಿಸಿದರು, ಏನು ತೆಗೆದರು ಎಂಬುದೆಲ್ಲ ಒಂದು ಪಟ್ಟಿಯಲ್ಲಿ ಉಳಿಯುತ್ತದೆ. ಆ ಪಟ್ಟಿಯಲ್ಲಿ ಜನವರಿ 22, ಬೆಳಿಗ್ಗೆ 6.52ಕ್ಕೆ ಒಂದು ಸಾಲು ಅಳಿಸಿದ ಗುರುತು. ಲಾಗಿನ್ ಡಾ. ಶಿವಶರಣಪ್ಪನವರದು.

ಪಾಸ್‌ವರ್ಡ್ ಯಾರಾದರೂ ಕದ್ದಿರಬಹುದಲ್ಲ ಎಂದು ನಮ್ರತಾ ಕೇಳಿದಳು. ಕದ್ದಿರಬಹುದು ಎಂದ ದಾಖಲೆಯವನು. ಆದರೆ ಡಾಕ್ಟರುಗಳ ಕೋಣೆಯ ಬಾಗಿಲು 6.49ಕ್ಕೆ ಅವರ ಕಾರ್ಡಿನಿಂದಲೇ ತೆರೆದಿತ್ತು. ಕಾರ್ಡನ್ನೂ ಕದ್ದಿರಬಹುದಲ್ಲ ಎಂದಳು. ಆಗ ಕಾರಿಡಾರಿನ ಕ್ಯಾಮೆರಾ ತೋರಿಸಿದರು. ಬೂದು ಸ್ವೆಟರ್ ಹಾಕಿಕೊಂಡು, ಸ್ವಲ್ಪ ಎಡಗಡೆಗೆ ವಾಲಿ ನಡೆಯುವ ಮನುಷ್ಯ. ಆ ನಡಿಗೆಯನ್ನು ಅವಳು ಮೂವತ್ತು ವರ್ಷದಿಂದ ನೋಡಿದ್ದಳು. ಪಟ್ಟಿಯ ಒಂದು ಪ್ರತಿಯನ್ನು ಸಹಿ ಹಾಕಿ ತೆಗೆದುಕೊಂಡಳು.

ಠಾಣೆಗೆ ಬಂದು ಮೇಲಧಿಕಾರಿ ಲೆಫ್ಟಿನೆಂಟ್‌ಗೆ ಎಲ್ಲ ಹೇಳಿದಳು, ತನ್ನ ಗಲ್ಲದ ಹೊಲಿಗೆಯನ್ನೂ ಸೇರಿಸಿ. ಬೇಕಿದ್ದರೆ ಕೇಸು ಬೇರೆಯವರಿಗೆ ಕೊಡುತ್ತೇನೆ ಎಂದ. ಅವರ ಮನೆ ಬಾಗಿಲಿಗೆ ಪರಿಚಯವಿಲ್ಲದವರು ಹೋಗುವುದು ಬೇಡ, ನಾನೇ ಮುಗಿಸುತ್ತೇನೆ ಎಂದಳು. ಆ ಮಾತಿಗೆ ಅವಳು ಆಮೇಲೆ ಎಷ್ಟೋ ಸಲ ಪರಿತಪಿಸಿದಳು.

ಗುರುವಾರ ಸಂಜೆ 4ಕ್ಕೆ ಕ್ಯಾರಿ ಎಂಬ ಪಕ್ಕದ ಊರು. ಗೌರಾಬಾಯಿ ಇದ್ದದ್ದು ಮಗ ಶಶಿಕಾಂತನ ಮನೆಯಲ್ಲಿ, ಕೆಳಗಿನ ಅಂತಸ್ತಿನ ಗೆಸ್ಟ್ ರೂಮಿನಲ್ಲಿ. ಸೇಡಂನಿಂದ ಆರು ತಿಂಗಳಿಗೆಂದು ಬಂದವರನ್ನು ಸೆಪ್ಟೆಂಬರ್ 14ರಂದು ಹತ್ತೊಂಬತ್ತು ವರ್ಷದ ಒಬ್ಬ ಕಾಲೇಜು ಹುಡುಗಿಯ ಕಾರು ಬಡಿದಿತ್ತು. ಬಲಗಾಲಿಗೆ ರಾಡು ಹಾಕಿದ್ದರು. ಪ್ರವಾಸಿಗಳ ಇನ್ಶೂರೆನ್ಸು ಮೊದಲ ಆಪರೇಷನ್ನಿಗೇ ಮುಗಿದಿತ್ತು. ಎರಡನೆಯದು ಮಾರ್ಚಿನೊಳಗೆ ಆದರೆ ಮತ್ತೆ ನಡೆಯಬಹುದು, ತಡವಾದರೆ ಇಲ್ಲ ಎಂದಿದ್ದರು ಡಾಕ್ಟರು. ಅಜ್ಜಿ ನಡೆಯುವುದೋ ಬಿಡುವುದೋ ಎಲ್ಲ ಈ ಕೇಸಿನ ಮೇಲೆ ನಿಂತಿತ್ತು.

ಆವತ್ತು ಆಸ್ಪತ್ರೆಯಲ್ಲಿ ತಪ್ಪು ನನ್ನದು ಅಂದಿರಾ ಅಜ್ಜಿ ಎಂದು ನಮ್ರತಾ ಕೇಳಿದಳು.

"ಹೌದವಾ, ಅಂದೀನಿ. ಆ ಹುಡಿಗಿ ಹೂ ತಗೊಂಡು ಬಂದಿತ್ತು. ಬಂದು ನಿಂತಲ್ಲೇ ಅಳ್ಲಿಕ್ಕ ಹತ್ತಿತು. ನಮ್ಮ ಮೊಮ್ಮಗಳ ವಯಸ್ಸು ಅದರದು. ತಪ್ಪು ನಂದೇ ಐತಿ, ನೀ ಅಳಬ್ಯಾಡ ಅಂದೆ. ಮತ್ತ ಏನನ್ನಬೇಕವಾ, ಹಿರೇರಾಗಿ?"

"ಆದ್ರೆ ತಪ್ಪು ನಿಮ್ಮದಾಗಿತ್ತಾ?"

"ಇಲ್ಲವಾ. ಆ ಸಿಗ್ನಲ್ ಕಂಬದಾಗ ನಡಿಯೋ ಮನಷ್ಯಾನ ಚಿತ್ರ ಬೆಳ್ಳಗ ಹತ್ತಿದ ಮ್ಯಾಲೇ ರಸ್ತಾಕ್ಕ ಇಳದೀನಿ ನಾ."

ಮನೆಗೆ ಬಂದು ಅಳುವವರ ಮುಂದೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವುದು ಆ ಕಡೆಯ ಹಿರಿಯರಿಗೆ ನೀರು ಕೊಟ್ಟಷ್ಟು ಸಹಜ. ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು, ಅದು ಸಮಾಧಾನದ ಮಾತು. ಆವತ್ತು ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದ ಡಾಕ್ಟರಿಗೂ ಗೊತ್ತಿತ್ತು. ಆದರೂ ಅವರ ಕೈ ಚಾರ್ಟಿನಲ್ಲಿ ಆ ಮಾತನ್ನು ಮಾತ್ರ ಬರೆಯಿತು, ಹುಡುಗಿಯ ಅಳುವನ್ನು ಬರೆಯಲಿಲ್ಲ. ಇಷ್ಟೇ ನೋಡಿ ಆಗಿದ್ದು.

ಶಶಿಕಾಂತನಿಗೆ ಚಾರ್ಟಿನ ಸಾಲಿನ ವಿಷಯ ಗೊತ್ತಿರಲಿಲ್ಲ. ಕೇಸು ಸಂಘದಲ್ಲಿ ಹರಟೆಯಾಗದಿರಲಿ ಎಂದು ಮಯೂರ್ ಹೇಳಿರಲಿಲ್ಲ. ಡಾಕ್ಟರರ ಹತ್ತಿರ ಕೇಸಿನ ಬಗ್ಗೆ ಮಾತಾಡಿದ್ದಿರಾ ಎಂದು ನಮ್ರತಾ ಕೇಳಿದಾಗ ಅವನು ನೆನಪಿಸಿಕೊಂಡ. ಜನವರಿ 19ರ ಶನಿವಾರ, ಸಂಘದ ಸಂಕ್ರಾಂತಿ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಅವ್ವನ ತಪ್ಪು ಒಂದು ಪರ್ಸೆಂಟ್ ಇದ್ದರೂ ಏನೂ ಸಿಗುವುದಿಲ್ಲವಂತೆ ಅಂಕಲ್, ಇದೆಂಥ ಕಾನೂನು ಎಂದಿದ್ದ. ಡಾಕ್ಟರು ಎಳ್ಳು ಹೋಳಿಗೆಯ ತಟ್ಟೆಯನ್ನು ಹಾಗೇ ಇಟ್ಟು ಹೊರಟುಹೋಗಿದ್ದರಂತೆ.

"ನಮ್ಮ ಸೀಮಿ ಡಾಕ್ಟರು," ಎಂದರು ಗೌರಾಬಾಯಿ. "ಭಾಳ ಛಲೋ ಮನಷ್ಯಾ. ದಿನಾ ಬಂದು ಊಟ ಆತೇನಕ್ಕಾ ಅಂತ ಕೇಳಾಂವ." ನಮ್ರತಾ ಹೌದಜ್ಜಿ ಎಂದಳು. ಮಂಡಿಗೆ ಹೊದಿಸಿದ್ದ ಕಂಬಳಿ ಸರಿಪಡಿಸಿ ಎದ್ದಳು.

ಶುಕ್ರವಾರ ಮಧ್ಯಾಹ್ನ 3.15ಕ್ಕೆ ಮ್ಯಾಜಿಸ್ಟ್ರೇಟ್ ವಾರಂಟಿಗೆ ಸಹಿ ಹಾಕಿದರು. ಸಾಕ್ಷ್ಯ ತಿದ್ದಿ ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪ. 5.40ಕ್ಕೆ ನಮ್ರತಾ, ಪ್ರುಯಿಟ್ ಇಬ್ಬರೂ ಡಾಕ್ಟರ ಮನೆ ತಲುಪಿದರು. ಅವರು ಆಗತಾನೇ ಆಸ್ಪತ್ರೆಯಿಂದ ಬಂದಿದ್ದರು, ಟೈ ಇನ್ನೂ ಕೊರಳಲ್ಲಿತ್ತು. ಎಪ್ಪತ್ತು ವರ್ಷ, ಶಹಾಪುರದಲ್ಲಿ ಹುಟ್ಟಿ 1972ರಲ್ಲಿ ಈ ದೇಶಕ್ಕೆ ಬಂದವರು. ಅವಳ ಹಿಂದೆ ನಿಂತ ಪೊಲೀಸನನ್ನು ನೋಡಿದರು, ಅವಳ ಮುಖ ನೋಡಿದರು, ಒಳಗೆ ಬಾ ಎಂದರು. ನಮ್ರತಾ ಮೊದಲು ಅವರ ಹಕ್ಕುಗಳನ್ನು ಓದಿ ಹೇಳಿದಳು. ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು. ಗೊತ್ತು, ಕೇಳು ಎಂದರು.

"ಜನವರಿ ಇಪ್ಪತ್ತೆರಡು, ಬೆಳಿಗ್ಗೆ, ಆ ಲೈನ್ ತೆಗೆದಿದ್ದು ನೀವಾ ಅಂಕಲ್?"

"ಹೂಂ. ನಾನೇ ತಗದೆ."

"ಯಾರಾದ್ರೂ ಹೇಳಿದ್ರಾ? ಮಯೂರ್? ಶಶಿಕಾಂತ್?"

"ಯಾರೂ ಇಲ್ಲ. ಅವರಿಗೇನೂ ಗೊತ್ತಿಲ್ಲ."

"ಡಿಲೀಟ್ ಮಾಡಿದ್ದು ಗೊತ್ತಾಗಲ್ಲ ಅಂದ್ಕೊಂಡ್ರಾ?"

ಡಾಕ್ಟರು ಕನ್ನಡಕ ತೆಗೆದರು. ಕಾಗದದ ಕಾಲದಲ್ಲಿ ಮೂವತ್ತು ವರ್ಷ ಕಿರಿಯ ಡಾಕ್ಟರುಗಳಿಗೆ ಅವರೇ ಕಲಿಸಿದ್ದರು, ಚಾರ್ಟಿನಲ್ಲಿ ತಪ್ಪಾದರೆ ಗೀಚಬೇಡಿ, ಒಂದು ಗೆರೆ ಎಳೆದು ಪಕ್ಕಕ್ಕೆ ಸಹಿ ಹಾಕಿ ಎಂದು. ಕಂಪ್ಯೂಟರಿನಲ್ಲಿ ಗೆರೆಯೇ ಕಾಣದಂತೆ ಸಾಲು ಮಾಯವಾದಾಗ, ಅದು ಹೋಯಿತು ಎಂದೇ ನಂಬಿದ್ದರು.

"ತೆಗೆಯೋ ಬದಲು ಕೆಳಗೆ ಒಂದು ನೋಟ್ ಆ್ಯಡ್ ಮಾಡಬಹುದಿತ್ತಲ್ಲ? ಆ ಹುಡುಗಿ ಅಳ್ತಿದ್ಳು ಅಂತ?"

"ಮಾಡಬಹುದಿತ್ತು. ಆದರ ಆ ಸಾಲು ಅಲ್ಲೇ ಕುಂತಿರ್ತಿತ್ತಲ್ಲವಾ." ಕನ್ನಡಕವನ್ನು ಟೈನ ತುದಿಯಿಂದ ಒರೆಸಿದರು. "ನಲವತ್ತು ವರ್ಷ ಪೇಷಂಟ್ ಹೇಳಿದ್ದನ್ನ ಇಂಗ್ಲಿಷಿನಾಗ ಬರದು ಬರದು, ಕೈ ತಾನಾಗೇ ಬರದುಬಿಡ್ತು. ಈ ದೇಶದಾಗ ನನ್ನ ಭಾಷಾದಾಗ ಮಾತಾಡಿದ ಮೊದಲನೇ ಪೇಷಂಟ್ ಆಕಿ. ಆಕಿ ಕಾಲು ನಾನೇ ಕಿತ್ಕೊಂಡಂಗಾತು ಅನ್ನಿಸ್ತು."

ಪ್ರುಯಿಟ್‌ಗೆ ಭಾಷೆ ತಿಳಿಯದಿದ್ದರೂ ಕೈಕೋಳವನ್ನು ಹಿಂದೆ ಹಾಕದೆ ಮುಂದೆ ಹಾಕಿದ. ನಮ್ರತಾ ಅದರ ಮೇಲೆ ಅವರ ಸ್ವೆಟರ್ ಹೊದಿಸಿದಳು. ಸಮಯ 6.05.

ಕಾರಿನಲ್ಲಿ ಡಾಕ್ಟರು ಹಿಂದಿನ ಸೀಟಿನಿಂದ ಕೇಳಿದರು. "ತಪ್ಪು ಮಾಡೀನಿ, ಖರೆ. ಆದರ ಆ ಸಾಲು ಉಳದಿದ್ರ ಕೇಸು ಹೋಗೇ ಹೋಗ್ತಿತ್ತು. ಹೌದಲ್ಲವಾ?"

ನಮ್ರತಾಳ ಬ್ಯಾಗಿನಲ್ಲಿದ್ದ ಫೋಟೊಗಳಲ್ಲಿ ಅವರದೇ ಹೆಸರಿನ ನೋಟಿಸೂ ಇತ್ತು. ಆ ಸಾಲು ಉಳಿದು, ಅವರು ಸಾಕ್ಷಿ ಹೇಳಿದ್ದರೆ ಗೌರಾಬಾಯಿ ಗೆಲ್ಲುತ್ತಿದ್ದರು. ಈಗ ಸಾಲು ಮರಳಿ ಬಂದಿದೆ, ಅದಕ್ಕೆ ಅರ್ಥ ಹೇಳಬಲ್ಲ ಒಬ್ಬನೇ ಮನುಷ್ಯ ದಾಖಲೆ ತಿದ್ದಿದ ಆರೋಪಿಯಾಗಿದ್ದಾನೆ. ಅವರ ಮಾತನ್ನು ಇನ್ನು ಯಾವ ಜ್ಯೂರಿಯೂ ನಂಬುವುದಿಲ್ಲ. ಇದನ್ನೆಲ್ಲ ಹೇಳಲು ಅವಳು ಹಿಂದೆ ತಿರುಗಿದಳು, ಸ್ವೆಟರಿನ ಕೆಳಗಿದ್ದ ಕೈಗಳನ್ನು ನೋಡಿ ಮತ್ತೆ ಮುಂದೆ ತಿರುಗಿದಳು.

"ಈಗ ಏನೂ ಮಾತಾಡಬೇಡಿ ಅಂಕಲ್. ಲಾಯರ್ ಬರೋವರೆಗೂ."

ಅದು ನಿಯಮ ಇರಬೇಕು ಎಂದುಕೊಂಡು ಡಾಕ್ಟರು ತಲೆಯಾಡಿಸಿದರು.

ಮಾರ್ಚ್ 8ರಂದು ಮಯೂರ್ ಕೇಸನ್ನು ವಾಪಸು ತೆಗೆದುಕೊಂಡ. ಹಾರ್ಗ್ರೋವ್ ಫೋನ್ ಮಾಡಿ ತನಗೂ ಬೇಜಾರಾಗಿದೆ ಎಂದಳಂತೆ, ಬಹುಶಃ ನಿಜವೇ ಇರಬೇಕು. ನಾನು ಜನವರಿಯಲ್ಲಿ ಒಂದು ಫೋನ್ ಮಾಡಿದ್ದರೆ ಎಂದು ಮಯೂರ್ ನಮ್ರತಾಳ ಮುಂದೆ ಎರಡು ಸಲ ಹೇಳಿದ. ಎರಡನೆಯ ಆಪರೇಷನ್ ಆಗಲಿಲ್ಲ. ಮಾರ್ಚ್ 24ರಂದು ಗೌರಾಬಾಯಿ ಗಾಲಿಕುರ್ಚಿಯಲ್ಲೇ ವಿಮಾನ ಹತ್ತಿದರು.

ಡಾಕ್ಟರಿಗೆ ಆ ನೋಟಿಸಿನ ವಿಷಯ, ತಮ್ಮ ಸಾಕ್ಷಿಯಿಂದಲೇ ಕೇಸು ಗೆಲ್ಲಬಹುದಿತ್ತು ಎಂಬುದು, ಏಪ್ರಿಲ್ 9ರಂದು, ಅವರ ವಕೀಲರ ಆಫೀಸಿನಲ್ಲಿ ಪೊಲೀಸರ ಕೇಸಿನ ಕಾಗದಗಳನ್ನು ಓದುವಾಗ ಗೊತ್ತಾಯಿತು. ಅದೇ ದಿನ ತಪ್ಪೊಪ್ಪಿಕೊಳ್ಳುತ್ತೇನೆ ಎಂದರು. ವಯಸ್ಸು, ಸೇವೆ, ಒಳ್ಳೆಯ ಉದ್ದೇಶ ಎಲ್ಲ ಮುಂದಿಟ್ಟು ಶಿಕ್ಷೆ ಇಳಿಸಿಕೊಳ್ಳಬಹುದು ಎಂದು ವಕೀಲರು ಎಷ್ಟು ಹೇಳಿದರೂ, ಏನೂ ಕೇಳಬೇಡಿ ಎಂದರು. ವೈದ್ಯಕೀಯ ಲೈಸೆನ್ಸನ್ನು ತಾವೇ ಮರಳಿಸಿದರು.

ಏಪ್ರಿಲ್ 23ರಂದು ಕೋರ್ಟಿನ ಕಾರಿಡಾರಿನಲ್ಲಿ ಅವರು ನಮ್ರತಾಳ ಪಕ್ಕ ಬಂದು ನಿಂತರು.

"ಆವತ್ತು ಕಾರಿನಾಗ ನಿನಗ ಗೊತ್ತಿತ್ತೇನವಾ?"

"ಗೊತ್ತಿತ್ತು ಅಂಕಲ್."

ಅವರು ಟೈ ಸರಿಮಾಡಿಕೊಂಡರು. ಒಳಗಿನಿಂದ ಹೆಸರು ಕೂಗಿದಾಗ ಅವಳ ಭುಜ ಮುಟ್ಟಿ ಹೇಳಿದರು.

"ಹೇಳಲಿಲ್ಲ, ಛಲೋ ಮಾಡಿದಿ. ಎರಡು ತಿಂಗಳಾದರೂ ನಿದ್ದಿ ಬಂತು."